ಬ್ರಾಲ್ಗಾ ಗೂಡಿನ ಜಗಳ

ನಮ್ಮ ಜಮೀನಿನ ತಗ್ಗಿನಲ್ಲಿರುವ ಜೌಗು ಪ್ರದೇಶ ಕಾಗದದ ಮೇಲೆ ನನ್ನದು. ಆದರೆ ನೋರೀನ್ ಪಾಸ್ಕೋ ಅಂಚೆ ಕಚೇರಿಯಿಂದ ನಿವೃತ್ತಿಯಾದ ಮೇಲೆ ಅದು ಆಕೆಯದೇ ಆಗಿಹೋಗಿತ್ತು. ಬೇಸಿಗೆಯಲ್ಲಿ ಕೆಸರು ಬಿರುಕು ಬಿಟ್ಟಾಗ ಹಾವಿನ ಪೊರೆ ಹುಡುಕುತ್ತಿದ್ದಳು. ಶರತ್ಕಾಲದಲ್ಲಿ ಕೊಯ್ಲಾದ ಹೊಲದಲ್ಲಿ ಬ್ರಾಲ್ಗಾಗಳ ಕುಣಿತ ನೋಡುತ್ತಿದ್ದಳು. ಚಳಿಗಾಲದ ಮಳೆಗೆ ತಗ್ಗು ತುಂಬಿ ಕಪ್ಪೆಗಳು ಶುರುವಿಟ್ಟುಕೊಂಡರಂತೂ ಮುಗಿಯಿತು, ರಬ್ಬರ್ ಬೂಟು ಹಾಕಿಕೊಂಡು ದಿನಾ ಹಾಜರು. ಬ್ರಾಲ್ಗಾ ಅಂದರೆ ಆಳೆತ್ತರದ ಬೂದು ಸಾರಸ. ನಮ್ಮ ಕಡೆ ಈಗ ಅಲ್ಲೊಂದು ಇಲ್ಲೊಂದು ಜೋಡಿ ಉಳಿದಿವೆ ಅಷ್ಟೆ.

ಹೋದ ವರ್ಷ ಒಂದು ಜೋಡಿ ನೀರಿನ ನಡುವೆ ಜೊಂಡು ಗುಡ್ಡೆ ಹಾಕಿ ಮೊಟ್ಟೆಯಿಟ್ಟಿತು. ನೋರೀನ್ ನಮ್ಮ ಗೇಟಿಗೆ ಬಂದು ನಿಂತಳು.

"ಕ್ಲೆಮ್, ದನಗಳನ್ನ ಆ ಕಡೆ ಬಿಡಬೇಡಪ್ಪಾ. ಗೂಡು ತುಳಿದು ಹಾಕ್ತವೆ."

"ಮೇವು ನೀವು ತಂದು ಹಾಕ್ತೀರಾ?"

"ನಿಂಗೆ ನಿನ್ನ ದನ ಬಿಟ್ರೆ ಲೋಕದಲ್ಲಿ ಬೇರೇನೂ ಕಾಣಲ್ಲ ಬಿಡು."

ಇಷ್ಟಕ್ಕೇ ಬಿಟ್ಟಳೇ? ಅಂಗಡಿ, ಪಬ್ಬು, ಎಲ್ಲೆಡೆ ಅದೇ ಮಾತು. ಕಂಡಕಂಡವರೆಲ್ಲ "ಏನಯ್ಯಾ, ಬ್ರಾಲ್ಗಾ ಆಮ್ಲೆಟ್ ಹೇಗಿತ್ತು?" ಎಂದು ಕಿಚಾಯಿಸತೊಡಗಿದರು. ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಕಾಟ ತಾಳಲಾರದೆ ಜೌಗಿನ ಸುತ್ತ ತಂತಿಬೇಲಿ ಎಳೆದೆ.

ವಸಂತದಲ್ಲಿ ಒಂದು ಬೆಳಿಗ್ಗೆ ಬೇಲಿ ನೋಡಲು ಹೋದರೆ ಹಕ್ಕಿಗಳೆರಡೂ ಗೂಡಿನಿಂದ ದೂರ ನಿಂತಿದ್ದವು. ಗೂಡಿನಲ್ಲಿ ಬರೀ ಚಿಪ್ಪಿನ ಚೂರು. ದನದ ಗೊರಸಿನ ಗುರುತು ಒಂದೂ ಇರಲಿಲ್ಲ. ನೀರಿಳಿದ ಕೆಸರಿನಲ್ಲಿ ಇದ್ದದ್ದು ನರಿಯ ಹೆಜ್ಜೆ, ಅದೂ ನೋರೀನ್ ದಿನಾ ಜೊಂಡು ತುಳಿದು ಮಾಡಿದ್ದ ಕಾಲುದಾರಿಯ ಉದ್ದಕ್ಕೂ, ಅವಳ ಬೂಟಿನ ಅಚ್ಚಿನ ಮೇಲೇ. ದಟ್ಟ ಜೊಂಡಿನಲ್ಲಿ ನುಗ್ಗಲು ಸೋಮಾರಿಯಾದ ನರಿಗೆ ಗೂಡಿನ ಹತ್ತಿರದ ತನಕ ದಾರಿ ಸಿಕ್ಕಿತ್ತು. ನಾನು ಫೋನು ತೆಗೆದು ಫೋಟೋ ಹಿಡಿದುಕೊಂಡೆ.

ಆ ಶನಿವಾರ ಊರ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಊರವರೆಲ್ಲ ಸೇರಿ ಸಾಸೇಜ್ ಸುಡುತ್ತಿದ್ದೆವು. ನೋರೀನ್ ಎಲ್ಲರೆದುರೇ ಕೇಳಿದಳು. "ಮೊಟ್ಟೆ ಹೋಯ್ತಲ್ಲೋ. ಬೇಲಿ ನೆಟ್ಟಗೆ ಹಾಕಿದ್ಯಾ, ಇಲ್ಲ ನಾಟಕಕ್ಕೆ ಎಳೆದಿದ್ಯಾ?"

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಫೋನನ್ನು ಕೈಯಿಂದ ಕೈಗೆ ದಾಟಿಸಿದೆ.

"ನರಿ ಹೆಜ್ಜೆ ಕೆಳಗಿರೋ ಬೂಟು ಯಾರದು, ಹೇಳ್ರಪ್ಪಾ ನೋಡೋಣ. ನರಿಗೆ ರತ್ನಗಂಬಳಿ ಹಾಸಿ ಕರ್ಕೊಂಡು ಹೋಗಿದ್ದಾರೆ ನಮ್ಮ ನೋರೀನ್."

ಎಲ್ಲರೂ ಗೊಳ್ಳೆಂದು ನಕ್ಕರು. ನೋರೀನ್ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಕೈಯಲ್ಲಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಮತ್ತೆ ಜೌಗಿಗೆ ಬರಲೇ ಇಲ್ಲ. ಮೊದಮೊದಲು ಪೀಡೆ ತೊಲಗಿತು ಅಂದುಕೊಂಡೆ. ಬೇಸಿಗೆ ಕಳೆಯಿತು. ಶರತ್ಕಾಲದಲ್ಲಿ ಬ್ರಾಲ್ಗಾಗಳು ರೆಕ್ಕೆ ಬಿಚ್ಚಿ, ಹುಲ್ಲುಕಡ್ಡಿ ಮೇಲಕ್ಕೆ ಎಸೆಯುತ್ತ ಕುಣಿದವು. ಟ್ರ್ಯಾಕ್ಟರ್ ನಿಲ್ಲಿಸಿ ನೋಡಿದೆ. ನೋಡಿದ್ದನ್ನು ಹೇಳಿಕೊಳ್ಳಲು ಊರಲ್ಲಿ ಇದ್ದದ್ದು ಒಬ್ಬಳೇ, ಅವಳ ಮುಖ ನೋಡಲು ನನಗೆ ನಾಚಿಕೆ. ಅಂಗಡಿಯಲ್ಲಿ ಎದುರಾದರೆ ನಾನೇ ತಲೆ ತಗ್ಗಿಸಿ ಪಕ್ಕದ ಸಾಲಿಗೆ ಸರಿಯುತ್ತಿದ್ದೆ.

ಈ ಚಳಿಗಾಲ ಅದೇ ತಗ್ಗಿನಲ್ಲಿ ಮತ್ತೆ ಗೂಡು ಎದ್ದಿತು. ತಡೆಯಲಾಗದೆ ಅವಳ ಮನೆ ಬಾಗಿಲು ತಟ್ಟಿದೆ.

"ನೋರೀನ್, ಬ್ರಾಲ್ಗಾ ಕಾವಿಗೆ ಕೂತಿದೆ. ಬನ್ನಿ ನೋಡೋಕೆ."

"ನೀನು ಎಲ್ಲಿಂದ ನೋಡಿದೆ?" ಬಾಗಿಲಿಗೆ ಅಡ್ಡವಾಗಿಯೇ ನಿಂತು ಕೇಳಿದಳು.

"ಬೇಲಿ ಆಚೆಯಿಂದ. ಟ್ರ್ಯಾಕ್ಟರ್ ಮೇಲೆ ಕೂತು."

"ಒಳ್ಳೇದಾಯ್ತು. ಅಲ್ಲಿಂದ್ಲೇ ನೋಡು. ನಾನು ಬರಲ್ಲ."

"ಅವತ್ತು ನಾನು ಆಡಿದ್ದು ತಪ್ಪಾಯ್ತು."

"ತಪ್ಪೇನು ಬಂತು? ನರಿ ನನ್ನ ದಾರಿಯಲ್ಲೇ ಹೋಗಿತ್ತು. ನೀನು ಇದ್ದದ್ದೇ ಹೇಳಿದೆ."

ಇಷ್ಟಕ್ಕೇ ತಿರುಗಿ ಬಂದುಬಿಡಬಹುದಿತ್ತು. ಆದರೆ ತಿಂಗಳುಗಟ್ಟಲೆ ಎದೆಯಲ್ಲಿ ಕೂತಿದ್ದದ್ದು ಬಾಯಿಗೆ ಬಂತು.

"ಅದಲ್ಲ ನೋರೀನ್. ಆ ಚಿಪ್ಪು ನೋಡಿದಾಗ ನಂಗೆ ಅಯ್ಯೋ ಅನ್ನಿಸ್ಲಿಲ್ಲ. ಖುಷಿ ಆಯ್ತು. ಈಗ ಸಿಕ್ಕಿಬಿದ್ಲು ಅಂತ."

ಅವಳು ಬೇಜಾರಿಲ್ಲದ ದನಿಯಲ್ಲೇ ಉತ್ತರಿಸಿದಳು.

"ಗೊತ್ತು ಕಣೋ. ಅವತ್ತು ಎಲ್ಲರೂ ಫೋಟೋ ನೋಡ್ತಿದ್ರು. ನಾನು ನಿನ್ನ ಮುಖಾನೂ ನೋಡಿದ್ದೆ."