ಫೋಟೋದ ಹಿಂದೆ ನಿಂತವರು

ಜೆರೋಮನಿಗೆ ಶತ್ರುಗಳಿರಲಿಲ್ಲ. ಕಡಲಾಚೆ, ಸ್ವಾಹಿಲಿ ನಾಡಿನ ಹೈರಿಡ್ಜ್ ಬಡಾವಣೆಯಲ್ಲಿ ಇಪ್ಪತ್ತೆರಡು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿ, ಕೇಳಿದವರಿಗೆಲ್ಲ ಏಣಿ ಎರವಲು ಕೊಟ್ಟವನು. ಶತ್ರುಗಳಿಲ್ಲದಿದ್ದರೆ ಗೆಳೆಯರಿದ್ದ ಹಾಗೆ ಎಂದೇ ಅವನು ತಿಳಿದಿದ್ದ. ಹೆಂಡತಿ ಅಪೊಲೊನಿಯಾಗೆ ಆ ನಂಬಿಕೆ ಇರಲಿಲ್ಲ.

ಶುರುವಾದದ್ದು ಲೈಬ್ರರಿಯಿಂದ ತಂದ ಒಂದು ಪುಸ್ತಕದಿಂದ. ನೂರು ವರ್ಷ ಹಿಂದಿನ ಅಮೆರಿಕದ ಮರದ ವ್ಯಾಪಾರಿಯೊಬ್ಬನ ಜೀವನಚರಿತ್ರೆ. ಹತ್ತೊಂಬತ್ತಕ್ಕೆ ಗಾಡಿಯಲ್ಲಿ ಹಲಗೆ ಮಾರಿದವನು, ನಲವತ್ತಕ್ಕೆ ಮೂರು ಮಿಲ್ಲುಗಳ ಒಡೆಯ, ಐವತ್ತಕ್ಕೆ ಮೇಯರ್, ಆಮೇಲೆ ಸೆನೆಟರ್. ಊರ ಮನೆಗಳಿಗೆಲ್ಲ ಅವನದೇ ಹಲಗೆ; ಊರ ವೋಟೂ ಅವನಿಗೇ ಬಿತ್ತಂತೆ. ಜೆರೋಮ್ ಮೂರು ಸಲ ಓದಿದ. ೧೯೮೮ರಲ್ಲಿ ಕೌನ್ಸಿಲರ್ ಸ್ಥಾನಕ್ಕೆ ಹೆಸರು ಕೊಟ್ಟ.

ಆ ವರ್ಷ ಮತಚೀಟಿ ಇರಲಿಲ್ಲ. ಅಭ್ಯರ್ಥಿಯ ಫೋಟೋ ಹಿಡಿದವನ ಹಿಂದೆ ಜನ ಸಾಲಾಗಿ ನಿಲ್ಲಬೇಕು, ಅಧಿಕಾರಿ ತಲೆ ಎಣಿಸಬೇಕು.

"ಚೀಟಿ ಆದ್ರೆ ಗುಟ್ಟಲ್ಲಿ ಹಾಕಿಯಾರು. ಎಲ್ಲರ ಎದುರು ನಿಮ್ಮ ಹಿಂದೆ ಯಾರು ನಿಲ್ತಾರೆ ಮಾರಾಯ್ರೆ?" ಎಂದಳು ಅಪೊಲೊನಿಯಾ. "ಸೋತ್ರೆ ಅಂಗಡಿ ಲೈಸೆನ್ಸಿಗೆ ಈಗಿನ ಕೌನ್ಸಿಲರ್ ಹತ್ರವೇ ಹೋಗ್ಬೇಕು."

"ಫೋಟೋ ಹಿಡಿಯುವವನೇ ನಮ್ಮ ಫೆಲಿಕ್ಸ್. ಅಂಗಡಿಯ ಏಳು ಜನ ಇದ್ದಾರೆ. ನೀನೊಮ್ಮೆ ಸುಮ್ಮನಿರು ಮಾರಾಯ್ತಿ."

ಮತದಾನದ ದಿನ ಶಾಲೆಯ ಮೈದಾನದಲ್ಲಿ ಹಾಲಿ ಕೌನ್ಸಿಲರ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಯಾರನ್ನೂ ಗದರಿಸಲಿಲ್ಲ. ಬಂದವರ ಮುಖ ನೋಡುತ್ತಿದ್ದ, ಅಷ್ಟೆ. ಒಂಬತ್ತಕ್ಕೆ ಫೆಲಿಕ್ಸ್ ಬಂದ. ಔಷಧದಂಗಡಿಯವನು, ಜೆರೋಮನ ಮಗನಿಗೆ ಜ್ಞಾನಸ್ನಾನದಲ್ಲಿ ದೇವತಂದೆಯಾದವನು. ಸೀದಾ ಹೋಗಿ ಆಚೆ, ಕೌನ್ಸಿಲರನ ಸಾಲಿನಲ್ಲಿ ನಿಂತ. ಅವನ ಹಿಂದೆ ಜೆರೋಮನ ಅಂಗಡಿಯ ಏಳೂ ಜನ. ಸ್ಟೋರ್ ನೋಡಿಕೊಳ್ಳುವ ಒಟಿಯೆನೊ ನೆಲ ನೋಡುತ್ತಿದ್ದ.

ಜೆರೋಮ್ ತನ್ನ ಫೋಟೋವನ್ನು ತಾನೇ ಎದೆಗೆ ಹಿಡಿದುಕೊಂಡ. ಅಪೊಲೊನಿಯಾ ಹಿಂದೆ ನಿಂತಳು. ಮುದುಕಿಯೊಬ್ಬಳು ಬಂದು, ಇಲ್ಲಿ ಹಿಟ್ಟು ಕೊಡುತ್ತಾರಾ ಎಂದು ಸ್ವಾಹಿಲಿಯಲ್ಲಿ ಕೇಳಿದಳು. ಇಲ್ಲ ಎಂದದ್ದಕ್ಕೆ ಹೊರಟುಹೋದಳು.

"ಅಪೊಲೊನಿಯಾ ಬಾಯಿ, ನೀವಾದ್ರೂ ಈಚೆ ಬನ್ನಿ," ಫೆಲಿಕ್ಸ್ ಮೆಲ್ಲಗೆ ಕರೆದ. "ಅಂಗಡಿ ಉಳೀತದೆ."

ಹತ್ತು ಹೆಜ್ಜೆ ದೂರ. ಅಪೊಲೊನಿಯಾ ಗಂಡನ ಕುತ್ತಿಗೆಯ ಬೆವರು ನೋಡಿದಳು.

"ನಮ್ಮ ಏಣಿ ನಿಮ್ಮಲ್ಲೇ ಉಂಟು ಫೆಲಿಕ್ಸ್. ನಾಳೆ ತಂದುಕೊಡಿ," ಎಂದಳು. ಕದಲಲಿಲ್ಲ.

ಅಧಿಕಾರಿ ಅವಳತ್ತ ಬೆರಳು ತೋರಿಸಿ "ಮೋಜಾ" ಎಂದ. ಒಂದು. ಆಚೆ ಸಾಲು ಎಣಿಸಲು ಅರ್ಧ ಗಂಟೆ ಬೇಕಾಯಿತು.

ಏಣಿ ಮರುದಿನ ಬಂತು, ಆಳಿನ ಕೈಯಲ್ಲಿ. ಲೈಸೆನ್ಸ್ ಬರಲೇ ಇಲ್ಲ. ಜೂನ್‌ನಲ್ಲಿ ಅಂಗಡಿಯ ಬಾಗಿಲು ಹಾಕಿದರು. ಹೋದದ್ದು ಒಂದು ಅಂಗಡಿ, ಒಬ್ಬ ಗೆಳೆಯ, ಆಚೆ ಸಾಲಿನಲ್ಲಿ ನಿಂತಿದ್ದ ಏಳು ಜನರ ಕೆಲಸ.