ಮಿಷಿನ್ನಿನ ಹಣೆ

ಬಾಗಿಲ ಹಲಗೆ ಮೇಲೆ ಬಳ್ಳಿ ಕೊರೆಯೋ ನನ್ನ ಕಂಪ್ಯೂಟರ್ ಮಿಷಿನ್ನು ನಡುಗ್ತದೆ ಅಂತ ಮಾರಕ್ಕೆ ಹೊರಟ್ರು ನಮ್ ಭಾವ ದೇವರಾಜು. ಶುಕ್ರವಾರ ಪಾಂಡವಪುರದೋರು ಬಂದು ಎತ್ಕೊಂಡು ಹೋಗ್ತಾರಂತೆ, ಆ ಜಾಗಕ್ಕೆ ಸೀಮೆಹಸ ಕಟ್ತಾರಂತೆ. ಇಡೀ ಕಿರಂಗೂರಲ್ಲಿ ಈ ಕೆಲಸ ಕಲ್ತಿರೋಳು ನಾನೊಬ್ಳು, ನನ್ನೊಂದ್ ಮಾತು ಕೇಳೋದು ಬ್ಯಾಡ್ವಾ?

"ಹೆಣ್ಮಕ್ಳ ಕೈಗೆ ಮಿಷಿನ್ ಕೊಟ್ರೆ ಇಂಗೇ ಆಗೋದು," ಅಂದ್ರು ಭಾವ. ನನ್ನ ಗಂಡ ಸಂತೋಷ್ ಪಕ್ಕದಲ್ಲೇ ಕೋಲೆಬಸವನಂಗೆ ತಲೆ ಆಡಿಸ್ದ್ರು. ನಂಗೆ ಮೈಯೆಲ್ಲ ಉರ್ದೋಯ್ತು.

"ಶುಕ್ರವಾರದೊಳಗೆ ನಡುಕ ನಿಲ್ಲಿಸ್ತೀನಿ. ನಿಂತ್ರೆ ಮಿಷಿನ್ನು ಇಲ್ಲೇ ಇರ್ತದೆ," ಅಂದೆ.

ನಡುಕ ಸುಳ್ಳಲ್ಲ. ಕೊರೆದ ಬಳ್ಳಿ ಅಂಚೆಲ್ಲ ಗೀರುಗೀರು. ಮಿಷಿನ್ ಕಾಲು ಬಿಗಿ ಮಾಡ್ದೆ, ನೆಲದ ಮಟ್ಟ ನೋಡ್ದೆ, ಹೋಗ್ಲಿಲ್ಲ. ಕೊನೆಗೆ ಕೊರೆಯೋ ತಲೆ ಅತ್ಲಾಗಿತ್ಲಾಗೆ ಓಡಾಡೋ ಕಂಬಿಗೇ ಕೈ ಹಾಕ್ದೆ. ಕಂಬಿ ಹಿಡ್ಕೊಂಡು ಜಾರೋ ಬ್ಲಾಕು ಬಿಚ್ಚಿದ್ರೆ, ಒಳಗಿನ ಬೇರಿಂಗ್ ಗುಂಡುಗಳ ಸುತ್ತ ಗ್ರೀಸು ಕೆಂಪಗೆ ಗಟ್ಟಿಯಾಗಿ ಕೂತದೆ. ಕುಂಕುಮ!

ನಮ್ಮತ್ತೆ ಬೆಟ್ಟಮ್ಮಂದೇ ಕೆಲಸ. ವಾರವಾರ ಪೂಜೆ ಮಾಡಿ, ಪಳಪಳ ಹೊಳೀತದೆ ಅಂತ ಕಂಬಿ ಉದ್ದಕ್ಕೂ ಅರಿಶಿನ ಕುಂಕುಮ ಇಟ್ಟವ್ರೆ.

"ಅತ್ತೆ, ನಡುಕ ಬಂದಿರೋದು ನಿಮ್ಮ ಕುಂಕುಮದಿಂದ," ಅಂದೆ ಮುಖಕ್ಕೆ ಮುಖ ಕೊಟ್ಟು.

"ಅಯ್, ನಿನ್ ಬಾಯಿಗಿಷ್ಟು ಮಣ್ಣಾಕ! ಲಕ್ಷ್ಮಿಗೆ ಕುಂಕುಮ ಇಡ್ಬ್ಯಾಡ ಅಂತೀಯಾ?"

"ಇಡಿ. ಓಡಾಡೋ ಕಾಲಿಗೆ ಇಡ್ಬ್ಯಾಡಿ, ಹಣೆಗೆ ಇಡಿ," ಅಂತ ಮುಂದಿನ ತಗಡು ತೋರಿಸ್ದೆ. ಅತ್ತೆ ಮುಖ ಊದಿಸ್ಕೊಂಡು ಹೋದ್ರು.

ಗುಂಡುಗಳ್ನ ಸೀಮೆಎಣ್ಣೇಲಿ ತೊಳೆದು, ಹೊಸ ಗ್ರೀಸು ತುಂಬಿ, ಎರಡು ಕಂಬೀನೂ ಒಂದೇ ಸಮಕ್ಕೆ ತಂದು ಬೋಲ್ಟು ಬಿಗಿದೆ.

ಶುಕ್ರವಾರ ಪಾಂಡವಪುರದ ವ್ಯಾನು ಬಂತು. ಎಲ್ಲರ ಮುಂದೇನೇ ಮಿಷಿನ್ ಓಡಿಸ್ದೆ. ಬಳ್ಳಿ ಬೆಣ್ಣೆ ಕೊಯ್ದಂಗೆ ನುಣ್ಣಗೆ ಬಂತು. ಭಾವ ಬೆರಳಾಡಿಸಿ ನೋಡಿದ್ರು, ಒಂದು ಗೀರೂ ಸಿಗ್ಲಿಲ್ಲ. ಆಮೇಲೆ, "ಆದ್ರೂ ನಾನು ಮಾತು ಕೊಟ್ಬುಟ್ಟಿವ್ನಿ. ಎತ್ರಪ್ಪಾ," ಅಂದ್ರು.

ನಾನು ಮಿಷಿನ್ನಿಗೆ ಅಡ್ಡ ನಿಂತೆ. ಅಷ್ಟೊತ್ತಿಗೆ ಅತ್ತೆ ಕುಂಕುಮದ ಬಟ್ಟಲು ಹಿಡ್ಕೊಂಡು ಬಂದ್ರು. ಕಂಬಿ ಕಡೆ ಕಣ್ಣೂ ಹಾಯಿಸ್ಲಿಲ್ಲ. ಮುಂದಿನ ತಗಡಿಗೆ ಕಾಸಗಲ ಕುಂಕುಮ ಇಟ್ಟು, ಮಗನ ಕಡೆ ತಿರುಗಿದ್ರು.

"ಶುಕ್ರವಾರ ಲಕ್ಷ್ಮೀನ ಮನೆಯಿಂದಾಚೆ ಕಳಿಸ್ತಾರೇನ್ಲಾ, ದೇವ್ರಾಜ?"

"ಅಂಗಾದ್ರೆ ನಾಳೆ..." ಅಂದ್ರು ಭಾವ.

"ನಾಳೇನೂ ಇಲ್ಲ, ನಾಳಿದ್ದೂ ಇಲ್ಲ. ನನ್ ಸೊಸೆ ನಡುಕ ನಿಲ್ಲಿಸವ್ಳೆ, ಮಿಷಿನ್ನು ಇಲ್ಲೇ ಇರ್ತದೆ. ನಿನ್ ಹಸೀನ ಬೇಕಾದ್ರೆ ನಿನ್ ರೂಮಲ್ಲಿ ಕಟ್ಕೊ!"