ಐದನೇ ಕುರ್ಚಿ

ನಮ್ಮಪ್ಪನನ್ನು ಬೀದಿಯವರೆಲ್ಲ ಬೆತ್ತದ ಮೇಷ್ಟ್ರು ಎಂದು ಕರೆಯುತ್ತಾರೆ. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ಯಾರಿಗೂ ಒಂದು ಏಟು ಕೊಟ್ಟವನೂ ಅಲ್ಲ. ಕುರ್ಚಿಗಳಲ್ಲಿ ಕೂರುವ ಜಾಗಕ್ಕೆ ಬೆತ್ತದ ಜಾಲರಿ ಹೆಣೆಯುವುದು ಅವನ ಕಸುಬು. ಆದರೂ ಚಿಕ್ಕಂದಿನಲ್ಲಿ ನನ್ನ ಜೊತೆ ಜಗಳಕ್ಕೆ ಬರುವವರು ಆ ಹೆಸರು ಕೇಳಿ ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದರು. ಅಪ್ಪನ ಕಸುಬಿನಿಂದ ಬಹಳ ವರ್ಷ ನನಗೆ ಸಿಕ್ಕ ಲಾಭ ಅಷ್ಟೇ.

ಏಕೆಂದರೆ ನಾನು ಎಡಚಿ. ಅಪ್ಪ ನನ್ನನ್ನು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿಕೊಂಡು ಕಲಿಸಲು ನೋಡಿದ್ದುಂಟು. ನಾನು ಎಳೆಯನ್ನು ಎಡಗೈಗೆ ತೆಗೆದುಕೊಂಡ ಕೂಡಲೇ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬಲಗೈಗೆ ಬದಲಾಯಿಸಿದರೆ ಎಳೆ ನನ್ನ ಮಾತು ಕೇಳುತ್ತಿರಲಿಲ್ಲ. ಅವನನ್ನು ನೋಡಿಕೊಂಡು ಎಡಗೈಯಲ್ಲೇ ಮಾಡಹೊರಟರೆ ಮೇಲೆ ಹೋಗಬೇಕಾದಲ್ಲಿ ಕೆಳಗೆ ಹೋಗಿ ಎಲ್ಲ ಗೋಜಲಾಗುತ್ತಿತ್ತು. "ಎಡಗೈಗೆ ಈ ಕೆಲಸ ಹಿಡಿಯಲ್ಲ ಕಣೆ" ಎಂದು ಅಪ್ಪ ಕೊನೆಗೆ ಕೈಚೆಲ್ಲಿದ. ಅಲ್ಲಿಂದ ನಾನು ಅಂಗಡಿಯಲ್ಲಿ ಹೆಣಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುವವಳಾದೆ. ಹರಿದ ಬೆತ್ತ ಕತ್ತರಿಸಿ ತೆಗೆಯುವುದು, ಚೌಕಟ್ಟಿನ ತೂತುಗಳನ್ನು ಚೊಕ್ಕ ಮಾಡುವುದು, ಹೊಸ ಬೆತ್ತ ನೆನೆಹಾಕುವುದು, ಮರಕ್ಕೆ ಪಾಲಿಶ್ ಹೊಡೆಯುವುದು.

ಕಳೆದ ವರ್ಷ ಅಪ್ಪನ ಬಲಗೈ ನಡುಗಲು ಶುರುವಾಯಿತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಅದೇ ಹೊತ್ತಿಗೆ ಹಲ್ಲಿನ ಡಾಕ್ಟರಮ್ಮ ತಮ್ಮ ಅಜ್ಜಿಯ ಕಾಲದ ಆರು ಊಟದ ಕುರ್ಚಿಗಳನ್ನು ತಂದು ಇಳಿಸಿದರು.

"ನಮ್ಮ ಊಟದ ಕೋಣೆ ರೈಲಿನ ಡಬ್ಬಿ ಥರ. ಮೇಜಿನ ಆ ಕಡೆ ಮೂರು, ಈ ಕಡೆ ಮೂರು, ಅಷ್ಟೇ ಹಿಡಿಯೋದು. ಆದ್ರೆ ಆರೂ ಸೇರಿ ಒಂದು ಸೆಟ್ ಅನ್ನಿಸ್ಬೇಕು ಮೇಷ್ಟ್ರೇ" ಎಂದರು. ಅಪ್ಪನಿಗೆ ಸಿಟ್ಟು ಬಂತು. ಅವನು ಹೆಣೆದದ್ದು ಸೆಟ್ ಅನ್ನಿಸದೆ ಇನ್ನೇನು ಅನ್ನಿಸಬೇಕು?

ನಾಲ್ಕನ್ನು ಹೇಗೋ ಮುಗಿಸಿದ. ಐದನೆಯದರ ಮುಂದೆ ಕೂತು ಒಂದೇ ಎಳೆಯನ್ನು ಬೆಳಗಿಡೀ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ಕೊನೆಗೆ ಎದ್ದು ಕೈ ತೊಳೆದುಕೊಂಡ.

"ಉಳಿದೆರಡನ್ನ ಹಾಗೇ ವಾಪಸ್ ಕಳಿಸಿಬಿಡು. ಪಕ್ಕದ ಪೇಂಟ್ ಅಂಗಡಿಯವನಿಗೆ ಗೋಡೌನ್ ಬೇಕಂತೆ. ತಿಂಗಳ ಕೊನೆಗೆ ಬೀಗದಕೈ ಕೊಟ್ಟುಬಿಡೋಣ."

"ಆ ಎರಡನ್ನ ನಾನು ಹೆಣೀತೀನಿ."

ಅವನು ನಗಲೂ ಇಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

"ಸೆಟ್ಟು ಕೆಡುತ್ತೆ."

"ಕೆಡದಿದ್ರೆ?"

"ಕೆಡದಿದ್ರೆ ಅಂಗಡಿ ನಿಂದು, ಹೋಗು" ಎಂದ. ಆಗದ ಮಾತು ಎಂದು ಗೊತ್ತಿದ್ದವರು ಹೀಗೆ ಧಾರಾಳವಾಗಿ ಮಾತು ಕೊಡುತ್ತಾರೆ.

ನನಗೆ ಬೇರೆ ಕಸುಬು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನೆನೆದ ಬೆತ್ತದ ವಾಸನೆ ಮೂಗಿಗೆ ಬೀಳದ ದಿನ ನನಗೆ ದಿನವೇ ಅಲ್ಲ. ಆ ಅಂಗಡಿಯನ್ನು ಪೇಂಟ್ ಡಬ್ಬಗಳ ಪಾಲಾಗಲು ಬಿಡುವ ಹಾಗಿರಲಿಲ್ಲ. ಸೀದಾ ಮಹಡಿ ಹತ್ತಿ ಚಿಕ್ಕಮ್ಮನ ಕೋಣೆಗೆ ಹೋದೆ.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಕೋರ್ಟಿನಲ್ಲಿ ರೆಕಾರ್ಡ್ ಮಾಡಿದ ಹೇಳಿಕೆಗಳನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡುವುದು ಅವಳ ಕೆಲಸ. ಅಪ್ಪನ ಕೈ ಗಟ್ಟಿಯಿದ್ದಾಗ ಅವನು ಒಂದು ಕುರ್ಚಿ ಹೆಣೆಯುವುದನ್ನು ಅವಳು ಫೋನಿನಲ್ಲಿ ವಿಡಿಯೋ ಮಾಡಿದ್ದಳು. ಅದು ಇದೆಯಾ ಎಂದು ಕೇಳಿದೆ.

"ಇದೆ. ಆದ್ರೆ ತಲೆಕೆಳಗಾಗಿದೆ" ಎಂದಳು. ಫೋನನ್ನು ಹೇಗೆ ಹಿಡಿದಿದ್ದಳೋ, ಅವಳ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಅಪ್ಪನ ಎರಡು ಕೈಗಳು ಛಾವಣಿಯಿಂದ ಇಳಿಬಿದ್ದು ಹೆಣೆಯುತ್ತಿದ್ದವು.

ರಸ್ತೆ ರಿಪೇರಿ ನಡೆಯುವಲ್ಲಿ ಇಡುವ ಕಿತ್ತಳೆ ಬಣ್ಣದ ಟೊಪ್ಪಿಗೆಯ ಚಿತ್ರವಿರುವ ಪ್ಲೇಯರ್ ಅದು, ಕಾಸಿಲ್ಲದೆ ಸಿಗುವಂಥದ್ದು. ನನಗೂ ಅದು ಗೊತ್ತಿತ್ತು, ಸಿನಿಮಾ ಹಾಕುವುದು, ನಿಲ್ಲಿಸುವುದು, ಅಷ್ಟರಮಟ್ಟಿಗೆ. ಚಿಕ್ಕಮ್ಮನಿಗೆ ಅದು ಅನ್ನದ ದಾರಿ. ಅವಳು ಕುರ್ಚಿ ಎಳೆದುಕೊಂಡು ಪಾಠ ಶುರುಮಾಡಿದಳು.

"ಈ ಸಾಕ್ಷಿ ಹೇಳೋರು ಇದಾರಲ್ಲ, ಒಬ್ಬ ಪಟಪಟ ಅಂತಾನೆ, ಒಬ್ಬ ಬಾಯೊಳಗೇ ಗೊಣಗ್ತಾನೆ. ಪಟಪಟ ಅನ್ನೋನಿಗೆ ಈ ಚೌಕ ಬ್ರಾಕೆಟ್ಟಿನ ಕೀ. ಒತ್ತಿದಷ್ಟೂ ನಿಧಾನ ಆಗ್ತಾನೆ, ದನಿ ಮಾತ್ರ ದಪ್ಪ ಆಗಲ್ಲ. ಗೊಣಗೋನಿಗೆ ವಾಲ್ಯೂಮ್ ನೂರು ದಾಟಿಸ್ತೀನಿ, ದಾಟತ್ತೆ ಇದರಲ್ಲಿ. ಒಂದೇ ಜಾಗ ಮತ್ತೆ ಮತ್ತೆ ಬೇಕು ಅಂದ್ರೆ ಇಲ್ಲೊಂದು ಎ, ಅಲ್ಲೊಂದು ಬಿ ಗುರುತು ಹಾಕು, ಸಾಕು ಅನ್ನೋವರೆಗೆ ಅಷ್ಟನ್ನೇ ತಿರುಗಿಸ್ತಾ ಇರತ್ತೆ. ಆ ಗುಂಡಿ ಮೊದಲು ಕಾಣಲ್ಲ. ವ್ಯೂ ಒಳಗೆ ಹೋಗಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಒತ್ತಿದ್ರೆ ಬರತ್ತೆ. ಆಮೇಲೆ ಇ ಅಕ್ಷರ ಒತ್ತು, ಒಂದೊಂದೇ ಚಿತ್ರ ಮುಂದೆ ಹೋಗತ್ತೆ. ನನಗೆ ಅದು ಬೇಕಿಲ್ಲ, ನಿನಗೆ ಬೇಕಾಗತ್ತೆ."

"ತಲೆಕೆಳಗಾಗಿರೋದಕ್ಕೆ?"

"ಟೂಲ್ಸ್ ಒಳಗೆ ಎಫೆಕ್ಟ್ಸ್ ಅಂತ ಏನೋ ಇದೆ, ಹುಡುಕ್ಕೋ. ನನಗೆ ಎರಡು ಕೊಲೆ ಟೈಪ್ ಮಾಡೋದಿದೆ" ಎಂದು ಫೈಲು ತರಲು ಹೊರಟುಹೋದಳು.

ಹುಡುಕಿದೆ. ಎಫೆಕ್ಟ್ಸ್ ಒಳಗೆ ವಿಡಿಯೋ, ಅದರೊಳಗೆ ಜಿಯೋಮೆಟ್ರಿ, ಅಲ್ಲಿ ಟ್ರಾನ್ಸ್‌ಫಾರ್ಮ್ ಎಂಬ ಚೌಕ. ಟಿಕ್ ಹಾಕಿದರೆ ಚಿತ್ರವನ್ನು ತಿರುಗಿಸುವ, ಮಗುಚುವ ಹಲವು ಬಗೆಗಳು. ಅರ್ಧ ಸುತ್ತು ತಿರುಗಿಸಿದ್ದರೆ ಸರಿಯಾಗುತ್ತಿತ್ತು. ತಲೆಕೆಳಗಾದದ್ದು ತಾನೆ ಎಂದು ನಾನು ಮೇಲಿನದನ್ನು ಕೆಳಕ್ಕೆ ಮಗುಚುವುದನ್ನು ಒತ್ತಿದೆ. ಚಿತ್ರ ನೆಟ್ಟಗೆ ನಿಂತಿತು, ಆದರೆ ಏನೋ ಎಡವಟ್ಟಾಗಿತ್ತು. ನೋಡುತ್ತೇನೆ, ಅಪ್ಪ ಎಡಗೈಯಲ್ಲಿ ಹೆಣೆಯುತ್ತಿದ್ದಾನೆ.

ಸರಿಮಾಡಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಕನ್ನಡಿಯೊಳಗಿನ ಹಾಗೆ ಎಲ್ಲ ಅದಲುಬದಲಾಗಿತ್ತು. ಅಪ್ಪನ ಎಡಗೈ ಎಳೆಯನ್ನು ಮೇಲೆ ತಂದು, ಕೆಳಗೆ ತೂರಿಸಿ, ಎಳೆದು, ಅದು ಜಾರದಂತೆ ತೂತಿಗೆ ಗೂಟ ಸಿಕ್ಕಿಸುತ್ತಿತ್ತು. ನನ್ನ ಎಡಗೈ ತಾನಾಗಿ ಗಾಳಿಯಲ್ಲಿ ಅದರ ಜೊತೆ ಆಡಿತು. ಹುಟ್ಟಿದಾಗಿನಿಂದ ಯಾರಾದರೂ ಹೀಗೆ ತೋರಿಸಲಿ ಎಂದು ಕಾದಿದ್ದೆನೇನೋ, ಕಣ್ಣು ತುಂಬಿಬಂತು.

ಅಷ್ಟರಲ್ಲಿ ವಿಡಿಯೋದೊಳಗಿನ ಚಿಕ್ಕಮ್ಮ ಕೇಳಿದಳು: "ಮಗಳಿಗೆ ಕಲಿಸಲ್ವಾ ಭಾವ?" ಅಪ್ಪನ ದನಿ ಹೇಳಿತು: "ಎಲ್ಲಿ ಕಲಿಸೋದು? ಎಡಗೈಗೆ ಈ ಕೆಲಸ ಹಿಡಿಯಲ್ಲ." ನಾನು ತಕ್ಷಣ ದನಿ ಬಂದ್ ಮಾಡಿದೆ. ಆಮೇಲೆ ಹಾಕಲೇ ಇಲ್ಲ.

ಮಧ್ಯಾಹ್ನ ಅಪ್ಪ ಮಲಗಿದ ಹೊತ್ತಿನಲ್ಲಿ ಮುರುಕಲು ಸ್ಟೂಲಿನ ಚೌಕಟ್ಟು ಇಟ್ಟುಕೊಂಡು ಚಿಕ್ಕಮ್ಮನ ಕೋಣೆಯಲ್ಲಿ ಅಭ್ಯಾಸ ನಡೆಸಿದೆ. ಉದ್ದ ಎಳೆ, ಅಡ್ಡ ಎಳೆ ಬೇಗ ಬಂದವು. ಓರೆ ಎಳೆ ಪ್ರಾಣ ತಿಂದಿತು. ಯಾವುದರ ಮೇಲೆ, ಯಾವುದರ ಕೆಳಗೆ ಎಂದು ಒಂದು ಕಡೆ ತಪ್ಪಿದರೂ ಅದು ಸಿಕ್ಕಿಕೊಂಡು ಜರಗುವುದಿಲ್ಲ. ಆ ಜಾಗಕ್ಕೆ ಎ, ಬಿ ಹಾಕಿ, ಕೈಗಳನ್ನು ದೊಡ್ಡದು ಮಾಡಿ, ಕಾಲು ವೇಗಕ್ಕೆ ಇಳಿಸಿ, ಅದೂ ಸಾಲದೆ ಒಂದೊಂದೇ ಚಿತ್ರ ಒತ್ತಿ ನೋಡಿದೆ. ಎಷ್ಟು ಸಲ ಕೇಳಿದರೂ ಈ ಅಪ್ಪನಿಗೆ ಮೈ ಉರಿಯುತ್ತಿರಲಿಲ್ಲ.

ಒಂದು ದಿನ ಮಗುಚಿದ್ದನ್ನು ತೆಗೆಯಲು ಮರೆತುಬಿಟ್ಟೆ. ಚಿಕ್ಕಮ್ಮ ಸಿನಿಮಾ ಹಾಕಿದರೆ ಎಲ್ಲರೂ ಕಾಲು ಮೇಲಾಗಿ ಓಡಾಡುತ್ತಿದ್ದರಂತೆ. "ನಿನ್ನ ಕುರ್ಚಿ ಮುಗಿಯೋವರೆಗೂ ನಾನು ಶೀರ್ಷಾಸನ ಹಾಕ್ಕೊಂಡು ಸಿನಿಮಾ ನೋಡ್ಬೇಕೇನೆ?" ಎಂದು ಬೈದಳು.

ಐದನೇ ಕುರ್ಚಿಯನ್ನು ಅಂಗಡಿಯಲ್ಲೇ ಹೆಣೆದೆ. ಅಪ್ಪ ಬೇಕೆಂದೇ ಅತ್ತ ಸುಳಿಯಲಿಲ್ಲ. ಮುಗಿದ ಮೇಲೆ ಕರೆದೆ. ಬಂದವನು ಜಾಲರಿಯ ಮೇಲೆ ಅಂಗೈ ಆಡಿಸಿದ, ಮುಷ್ಟಿಯಿಂದ ಒತ್ತಿದ, ಮಗುಚಿ ಅಡಿಯ ಗಂಟುಗಳನ್ನು ನೋಡಿದ.

"ಬಿಗಿ ಸರಿಯಾಗಿದೆ" ಎಂದ. ಅವನ ಬಾಯಲ್ಲಿ ಅದು ಸನ್ಮಾನ.

ಆಮೇಲೆ ಅದನ್ನು ಬಾಗಿಲ ಬೆಳಕಿಗೆ ಒಯ್ದು ತನ್ನ ನಾಲ್ಕನೆಯದರ ಪಕ್ಕ ಇಟ್ಟ. ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. ನನಗೂ ಕಂಡಿತು. ಅವನ ಕುರ್ಚಿಯಲ್ಲಿ ಮೇಲಿನ ಓರೆ ಎಳೆಗಳ ಹೊಳಪು ಬಲಕ್ಕೆ ವಾಲಿತ್ತು, ನನ್ನದರಲ್ಲಿ ಎಡಕ್ಕೆ. ನಾನು ನೋಡಿ ನೋಡಿ ಹೆಣೆದದ್ದು ಕನ್ನಡಿಯೊಳಗಿನ ಕುರ್ಚಿ.

"ಕೆಲಸ ಚೆನ್ನಾಗಿದೆ. ಆದ್ರೆ ಇದು ಸೆಟ್ಟಲ್ಲ" ಎಂದ ಅಪ್ಪ. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಅಳುವೂ ಬಂತು, ಸಿಟ್ಟೂ ಬಂತು. ನನಗೆ ಅವೆರಡೂ ಒಟ್ಟಿಗೇ ಬರುವುದು.

"ಯಾರು ಕಲಿಸಿದ್ದು ನಿನಗೆ?"

"ಬಾ, ತೋರಿಸ್ತೀನಿ."

ಮಹಡಿಯಲ್ಲಿ ಚಿಕ್ಕಮ್ಮ ಟೈಪ್ ಮಾಡುತ್ತಿದ್ದಳು. ಅವಳನ್ನು ಆಚೆ ಸರಿಸಿ, ಓರೆ ಎಳೆಯ ಭಾಗಕ್ಕೇ ಎ, ಬಿ ಗುರುತು ಇಟ್ಟು ಮಗುಚಿದ ವಿಡಿಯೋ ಹಾಕಿದೆ. ಪರದೆಯ ತುಂಬ ಎರಡು ಕೈ, ಒಂದಿಷ್ಟು ಜಾಲರಿ, ಬೇರೇನೂ ಕಾಣುತ್ತಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ.

"ಯಾರಿವನು? ಎಡಚ."

ಅವನು ಪರದೆಗೆ ಇನ್ನಷ್ಟು ಹತ್ತಿರ ಬಂದ.

"ಕೈ ನೋಡು, ಎಷ್ಟು ಪಳಗಿದೆ. ಒಂದು ಚೂರೂ ಅವಸರ ಇಲ್ಲ. ಈ ಕಡೆಯವನಲ್ಲ ಬಿಡು, ಆಗಿದ್ರೆ ನನಗೆ ಗೊತ್ತಿರ್ತಿತ್ತು." ಹೊಗಳಿಕೆಯ ಒಳಗೆ ಸಣ್ಣ ಹೊಟ್ಟೆಕಿಚ್ಚೂ ಇತ್ತು. "ಏನೋ ಮಾತಾಡ್ತಿದಾನಲ್ಲ, ಕೈ ನಿಲ್ಲಿಸಿದ ನೋಡು. ದನಿ ಬರಲ್ವಾ ಇದಕ್ಕೆ?"

ನಾನು ತಡೆಯುವಷ್ಟರಲ್ಲಿ ಚಿಕ್ಕಮ್ಮ ಕೈಚಾಚಿ ದನಿ ಹಾಕಿಬಿಟ್ಟಳು.

"ಮಗಳಿಗೆ ಕಲಿಸಲ್ವಾ ಭಾವ?"

"ಎಲ್ಲಿ ಕಲಿಸೋದು? ಎಡಗೈಗೆ ಈ ಕೆಲಸ ಹಿಡಿಯಲ್ಲ."

ಹಾಗೆಂದು ಹೇಳಿ ಆ ಎಡಗೈ ಓರೆ ಎಳೆಯನ್ನು ಒಂದು ತಪ್ಪಿಲ್ಲದೆ ಕೊನೆಯವರೆಗೆ ಒಯ್ದು ಗೂಟ ಹಾಕಿತು. ಬಿ ಬಂತು, ಪ್ಲೇಯರ್ ಎ ಗೆ ಮರಳಿತು. ಎಡಗೈಗೆ ಈ ಕೆಲಸ ಹಿಡಿಯಲ್ಲ. ಮತ್ತೆ ಅದೇ ಎಳೆ, ಅದೇ ಗೂಟ. ಯಾರೂ ನಿಲ್ಲಿಸಲಿಲ್ಲ. ಮತ್ತೊಮ್ಮೆ ಅದೇ ದನಿ. ಅಪ್ಪ ತನ್ನ ನಡುಗುವ ಬಲಗೈಯನ್ನು ತೊಡೆಯಿಂದ ಎತ್ತಿ ನೋಡಿಕೊಂಡ, ಆಮೇಲೆ ನನ್ನ ಎಡಗೈ ನೋಡಿದ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದರೆ ಒಳಗೆ ಕಟಕ್ ಕಟಕ್ ಎಂದು ಬೆತ್ತ ಕತ್ತರಿಸುವ ಸದ್ದು. ನನ್ನ ಕುರ್ಚಿ ಹೋಯಿತು ಎಂದುಕೊಂಡು ಓಡಿದೆ. ನನ್ನದು ಬಾಗಿಲ ಪಕ್ಕ ಹಾಗೇ ಇತ್ತು. ಅಪ್ಪ ತನ್ನ ನಾಲ್ಕನೇ ಕುರ್ಚಿಯ ಜಾಲರಿಯನ್ನು ನಡುವಿನಿಂದ ಕತ್ತರಿಸುತ್ತಿದ್ದ.

"ಅಪ್ಪಾ! ಏನ್ ಮಾಡ್ತಿದೀಯ?"

"ಕತ್ತರಿಸೋದಕ್ಕೆ ಈ ಕೈ ಸಾಕು" ಎಂದ. "ಡಾಕ್ಟರಮ್ಮನ ಮೇಜಿಗೆ ಆ ಕಡೆ ಮೂರು, ಈ ಕಡೆ ಮೂರು ತಾನೆ? ಒಂದು ಸಾಲು ನನ್ನವು ಮೂರು. ಎದುರಿನ ಸಾಲು ನಿನ್ನವು ಮೂರು. ಎದುರುಬದುರು ಇಟ್ರೆ ಓರೆಗೆ ಓರೆ ಕೂಡತ್ತೆ. ಇದಕ್ಕಿಂತ ಒಳ್ಳೇ ಸೆಟ್ಟು ಬೇಕಾ ಅವರಿಗೆ?"

ಅದು ಅವನ ಕೈ ಹೆಣೆದ ಕೊನೆಯ ಕುರ್ಚಿ. ಇನ್ನೊಂದು ಆ ಕೈಯಿಂದ ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ. ಬೇಡ ಎಂದು ಅವನ ಕತ್ತರಿಗೆ ಕೈಚಾಚಿದೆ. ಅವನು ಕೊನೆಯ ತುಂಡನ್ನೂ ಕಿತ್ತು ಬುಟ್ಟಿಗೆ ಹಾಕಿದ.

"ಬೆತ್ತ ನೆನೆಹಾಕಿದೀಯಾ?"

"ನಿನ್ನೆಯದೇ ಇದೆ. ತಡಿ, ಲ್ಯಾಪ್‌ಟಾಪ್ ತರ್ತೀನಿ."

"ಅದು ಬೇಡ, ಕೂತ್ಕೋ."

ಕೂತೆ. ಅಪ್ಪ ತನ್ನ ಸ್ಟೂಲನ್ನು ಎಂದಿನಂತೆ ನನ್ನ ಪಕ್ಕಕ್ಕೆ ಹಾಕಿದ. ಏನೋ ಯೋಚಿಸಿ ಮತ್ತೆ ಎತ್ತಿದ. ಕುರ್ಚಿಯನ್ನು ಸುತ್ತಿ ಬಂದು ನನ್ನ ಎದುರಿಗೆ ಹಾಕಿಕೊಂಡು ಕೂತ. ಅವನು ಬಲಗೈ ಎತ್ತಿದರೆ ಅದು ಸರಿಯಾಗಿ ನನ್ನ ಎಡಗೈಯ ಎದುರಿಗೆ ಬಂತು.

"ಇಷ್ಟು ವರ್ಷ ಪಕ್ಕದಲ್ಲಿ ಕೂರಿಸಿದೆ. ಎದುರಿಗೆ ಕೂರಿಸಬೇಕಿತ್ತು" ಎಂದ ಅಪ್ಪ. "ನನ್ನ ಕೈ ನೋಡು. ನಡುಕ ಒಂದನ್ನ ಬಿಟ್ಟು ಉಳಿದದ್ದೆಲ್ಲ ಮಾಡು."

ನಾನು ಎಳೆಯನ್ನು ಎಡಗೈಗೆ ತೆಗೆದುಕೊಂಡೆ.